ಒಂದೇ ಹಂಡೆ, ಎರಡು ರುಚಿ
(ವಾರ್ಷಿಕ ಸಭೆಯಲ್ಲಿ ಮಾಡಿದ ಉಪನ್ಯಾಸದ ಸಾರಾಂಶ)



ಮದುವೆಮನೆಯಲ್ಲಿ ದೊಡ್ಡ ಹಂಡೆಯಲ್ಲಿ ಬಿರಿಯಾನಿ ಮಾಡಿದ್ದಾರೆ ಎಂದುಕೊಳ್ಳಿ. ಹಂಡೆ ಒಂದೇ, ಅಡಿಗೆಯವರೂ ಒಬ್ಬರೇ. ಆದರೂ ಅರ್ಧ ಜನರ ತಟ್ಟೆಯಲ್ಲಿ ಉಪ್ಪು ಹದವಾಗಿದೆ, ಇನ್ನರ್ಧ ಜನರ ತಟ್ಟೆಯಲ್ಲಿ ಹೆಚ್ಚಾಗಿದೆ. ಆ ಹೆಚ್ಚಿನ ಉಪ್ಪು ಎಲ್ಲಿಂದ ಬಂತು? ಖಗೋಳ ವಿಜ್ಞಾನಿಗಳಿಗೂ ಇಂಥದೇ ಒಂದು ಪ್ರಶ್ನೆ ಎದುರಾಗಿದೆ.

ಮೇ ತಿಂಗಳ ರಾತ್ರಿ ಒಂಬತ್ತು, ಹತ್ತು ಗಂಟೆಗೆ, ದೀಪಗಳಿಲ್ಲದ ಜಾಗದಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ಮಸುಕಾದ ಒಂದು ಚುಕ್ಕೆ ಕಾಣುತ್ತದೆ. ಅದೇ ಒಮೆಗಾ ಸೆಂಟಾರಿ. ಸುಮಾರು 17 ಸಾವಿರ ಜ್ಯೋತಿರ್ವರ್ಷ ದೂರದಲ್ಲಿರುವ ಈ ಚುಕ್ಕೆ ಒಂದು ನಕ್ಷತ್ರವಲ್ಲ, ಸುಮಾರು ಒಂದು ಕೋಟಿ ನಕ್ಷತ್ರಗಳ ಗುಚ್ಛ. ಚೆಂಡಿನಾಕಾರದ ಇಂಥ ಗುಚ್ಛಗಳು ನಮ್ಮ ಆಕಾಶಗಂಗೆಯಲ್ಲಿ 150ಕ್ಕೂ ಹೆಚ್ಚಿವೆ. ಹೆಚ್ಚಿನವುಗಳ ವಯಸ್ಸು ಸಾವಿರ ಕೋಟಿ ವರ್ಷಕ್ಕೂ ಮೀರಿದ್ದು.

ಒಂದು ಗುಚ್ಛದ ನಕ್ಷತ್ರಗಳೆಲ್ಲ ಒಂದೇ ಅನಿಲದ ಮೋಡದಿಂದ ಒಟ್ಟಿಗೆ ಹುಟ್ಟಿದವು, ಆದ್ದರಿಂದ ಅವುಗಳ ರಾಸಾಯನಿಕ ರಚನೆಯೂ ಒಂದೇ ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳಿದವು. ಆದರೆ ನಕ್ಷತ್ರಗಳ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಪರೀಕ್ಷಿಸಿದಾಗ ಬೇರೆಯೇ ಕಂಡಿತು. ಒಂದೇ ಗುಚ್ಛದ ಹಲವು ನಕ್ಷತ್ರಗಳಲ್ಲಿ ಸೋಡಿಯಂ ಮತ್ತು ನೈಟ್ರೋಜನ್ ಹೆಚ್ಚು, ಆಮ್ಲಜನಕ ಮತ್ತು ಇಂಗಾಲ ಕಡಿಮೆ. ಕಬ್ಬಿಣ ಮಾತ್ರ ಬಹುತೇಕ ಗುಚ್ಛಗಳಲ್ಲಿ ಹೆಚ್ಚುಕಡಿಮೆ ಸಮ.

ನಕ್ಷತ್ರಗಳು ಮುಪ್ಪಿನಲ್ಲಿ ತಮ್ಮೊಳಗೇ ಇದನ್ನು ತಯಾರಿಸಿಕೊಂಡಿರಬಹುದೇ? 2001ರಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಚಿಲಿ ದೇಶದ ವಿಎಲ್‌ಟಿ ದೂರದರ್ಶಕದಿಂದ ಎನ್‌ಜಿಸಿ 6752 ಗುಚ್ಛವನ್ನು ನೋಡಿದಾಗ, ಇನ್ನೂ ಮುಪ್ಪಾಗದ ಸಣ್ಣ ನಕ್ಷತ್ರಗಳಲ್ಲೂ ಅದೇ ವ್ಯತ್ಯಾಸ ಕಂಡಿತು. ಆಮ್ಲಜನಕ ಕರಗಿ ಸೋಡಿಯಂ ಹೆಚ್ಚಲು ಸುಮಾರು 4 ಕೋಟಿ ಡಿಗ್ರಿ ತಾಪ ಬೇಕು. ನಮ್ಮ ಸೂರ್ಯನ ಕೇಂದ್ರದಲ್ಲೇ ಇರುವುದು 1.5 ಕೋಟಿ ಡಿಗ್ರಿ. ಸಣ್ಣ ಒಲೆಯಲ್ಲಿ ಈ ಅಡಿಗೆ ಬೇಯುವುದಿಲ್ಲ. ಅಂದರೆ ಅವು ಬೇರೆ ನಕ್ಷತ್ರಗಳು ಬೇಯಿಸಿದ ವಸ್ತುವನ್ನು ಪಡೆದು ಹುಟ್ಟಿರಬೇಕು.

ಬೇಯಿಸಿದವರು ಯಾರು? ಸಿಡಿದು ಸಾಯುವ ನಕ್ಷತ್ರಗಳಾಗಿದ್ದರೆ ಕಬ್ಬಿಣವೂ ಹೆಚ್ಚಬೇಕಿತ್ತು. ಮುಪ್ಪಿನಲ್ಲಿ ಹೊರಪದರ ಕಳಚುವ ಮಧ್ಯಮ ಗಾತ್ರದ ನಕ್ಷತ್ರಗಳು, ವೇಗವಾಗಿ ತಿರುಗುವ ಭಾರಿ ನಕ್ಷತ್ರಗಳು, ಸೂರ್ಯನಿಗಿಂತ ಸಾವಿರಾರು ಪಟ್ಟು ತೂಕದ ದೈತ್ಯರು ಎಂದು ಮೂರು ಮುಖ್ಯ ಊಹೆಗಳಿವೆ. ಆದರೆ ಅನೇಕ ಗುಚ್ಛಗಳಲ್ಲಿ ವಿಚಿತ್ರ ರಚನೆಯ ನಕ್ಷತ್ರಗಳೇ ಅರ್ಧಕ್ಕಿಂತ ಹೆಚ್ಚು. ಅಷ್ಟಕ್ಕೆಲ್ಲ ಸಾಲುವಷ್ಟು ಅನಿಲ ಎಲ್ಲಿಂದ ಬಂತು ಎಂಬ ಲೆಕ್ಕ ಇನ್ನೂ ಕೂಡಿಲ್ಲ. 2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕವು ಅತಿ ದೂರದ ಜಿಎನ್-ಝಡ್11 ಗೆಲಾಕ್ಸಿಯಲ್ಲಿಯೂ ಇಂಥ ಹೆಚ್ಚಿನ ನೈಟ್ರೋಜನ್ ತೋರಿಸಿ ಕುತೂಹಲ ಹೆಚ್ಚಿಸಿದೆ.

ವಿದ್ಯಾರ್ಥಿಗಳೆ, ಪಠ್ಯಪುಸ್ತಕದ ಒಂದು ಸಾಲು ತಪ್ಪೆಂದು ತಿಳಿದದ್ದು ಉಪ್ಪಿನಲ್ಲಿರುವ ಸೋಡಿಯಂನಿಂದ. ನಿಮ್ಮ ಪ್ರಯೋಗಶಾಲೆಯ ಜ್ವಾಲೆಯನ್ನು ಹಳದಿಯಾಗಿಸುವುದೂ ಅದೇ ಸೋಡಿಯಂ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ತಯಾರಾಗಿ 2015ರಲ್ಲಿ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಹಾರಿದ ದೂರದರ್ಶಕವೂ ಇಂಥ ಗುಚ್ಛಗಳನ್ನು ನೋಡಿದೆ. ಉತ್ತರ ಮಾತ್ರ ಇನ್ನೂ ಬಾಕಿ ಇದೆ. ಅದನ್ನು ಹುಡುಕುವವರಲ್ಲಿ ನಿಮ್ಮಲ್ಲೊಬ್ಬರೂ ಇರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.