ಶರತ್ಕಾಲದ ಮೊದಲ ಬೆಳಗ್ಗೆ ಬಂದ ಬಿರುಗಾಳಿ

2023ರ ಸೆಪ್ಟೆಂಬರ್ 23, ಶನಿವಾರ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಆವತ್ತು ಬೆಳಗಿನ ಜಾವ 2 ಗಂಟೆ 50 ನಿಮಿಷಕ್ಕೆ ಬೇಸಿಗೆ ಮುಗಿದು ಶರತ್ಕಾಲ ಹುಟ್ಟಿತು. ಮೂರೂವರೆ ಗಂಟೆ ಕಳೆಯುವಷ್ಟರಲ್ಲಿ, ಉತ್ತರ ಕೆರೊಲಿನಾದ ಎಮೆರಾಲ್ಡ್ ಐಲ್ ಹತ್ತಿರ ಒಫೀಲಿಯಾ ಬಿರುಗಾಳಿ ನೆಲ ಮುಟ್ಟಿತು.

ಆ ವಾರದ ಮೊದಲಲ್ಲೇ ಗಣೇಶ ಚತುರ್ಥಿ ಬಂದಿತ್ತು. ಹೊರದೇಶದಲ್ಲಿ ಹಬ್ಬದ ಕೂಟಗಳೆಲ್ಲ ಶನಿವಾರ, ಭಾನುವಾರಕ್ಕೇ ತಾನೇ? ಆ ಎರಡು ದಿನ ಮಾತ್ರ ಕೆರೊಲಿನಾದಿಂದ ನ್ಯೂಜೆರ್ಸಿ, ನ್ಯೂಯಾರ್ಕ್‌ವರೆಗೂ ಮಳೆಯೋ ಮಳೆ. ಉತ್ತರ ಕೆರೊಲಿನಾ, ವರ್ಜೀನಿಯಾ, ಮೇರಿಲ್ಯಾಂಡ್ ಗವರ್ನರುಗಳು ತುರ್ತು ಪರಿಸ್ಥಿತಿ ಘೋಷಿಸಿದರು.

ಬೇಸಿಗೆ ಮುಗಿದ ಮೇಲೆ ಇದೆಂಥ ಬಿರುಗಾಳಿ ಅಂತ ನೀವು ಕೇಳಬಹುದು. ಬೇಸಿಗೆ ಮುಗಿಯೋದು ಆಕಾಶದ ಲೆಕ್ಕದಲ್ಲಿ. ಸಮುದ್ರದ ಲೆಕ್ಕ ಬೇರೆ. ನೆಲ ಬೇಗ ಕಾದು ಬೇಗ ಆರುತ್ತೆ, ನೀರು ಹಾಗಲ್ಲ. ಬಚ್ಚಲೊಲೆಯ ಬೆಂಕಿ ಆರಿದ ಮೇಲೂ ಹಂಡೆಯ ನೀರು ಎಷ್ಟೋ ಹೊತ್ತು ಬಿಸಿಯಾಗೇ ಇರುತ್ತಲ್ಲ, ಅಟ್ಲಾಂಟಿಕ್ ಕೂಡ ಹಾಗೇ. ಜೂನ್, ಜುಲೈ ಬಿಸಿಲನ್ನೆಲ್ಲ ಹಿಡಿದಿಟ್ಟುಕೊಂಡು ಸೆಪ್ಟೆಂಬರ್‌ನಲ್ಲಿ ಬಿಟ್ಟುಕೊಡುತ್ತೆ. ಅಲ್ಲಿನ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಅದರ ಏರುಮುಖದ ತುದಿ ಸೆಪ್ಟೆಂಬರ್ 10ರ ಆಸುಪಾಸು.

ಒಫೀಲಿಯಾ ಹುಟ್ಟಿದ ಬಗೆಯೂ ಗಮನಿಸಬೇಕಾದದ್ದು. ಆಫ್ರಿಕಾ ಕಡೆಯಿಂದ ವಾರಗಟ್ಟಲೆ ಸಾಗಿ ಬಂದದ್ದಲ್ಲ ಅದು. ಕರಾವಳಿಯ ಪಕ್ಕದಲ್ಲೇ ಒಂದು ಸಾಧಾರಣ ವಾಯುಭಾರ ಕುಸಿತವಾಯಿತು. ದಕ್ಷಿಣದಿಂದ ಬಿಸಿ ನೀರು ಹೊತ್ತು ತರುವ ಗಲ್ಫ್ ಸ್ಟ್ರೀಮ್ ಪ್ರವಾಹ ಅದಕ್ಕೆ ಬಲ ತುಂಬಿತು. ಶುಕ್ರವಾರ ಮಧ್ಯಾಹ್ನ ಹೆಸರು ಬಂತು, ಶನಿವಾರ ಬೆಳಗ್ಗೆ ಬಾಗಿಲಿಗೇ ಬಂತು. ನನ್ನ ಮಟ್ಟಿಗೆ ಈ ಬಗೆಯ ಬಿರುಗಾಳಿಯೇ ಹೆಚ್ಚು ಅಪಾಯದ್ದು, ಯಾಕಂದ್ರೆ ಜನಕ್ಕೆ ಸಿದ್ಧರಾಗೋಕೆ ಒಂದು ಸಂಜೆಯಷ್ಟೇ ಸಿಗುತ್ತೆ.

ಗಾಳಿಯ ವೇಗ ಗಂಟೆಗೆ ಸುಮಾರು 110 ಕಿಲೋಮೀಟರ್. ಹರಿಕೇನ್ ಅನ್ನಿಸಿಕೊಳ್ಳೋಕೆ 119 ಬೇಕು. ಹಾಗಾಗಿ ಇದು ಕೆಳಗಿನ ದರ್ಜೆಯಲ್ಲೇ ಉಳಿಯಿತು. ಆದ್ರೆ ಆ ದರ್ಜೆ ಅಳೆಯೋದು ಗಾಳಿಯನ್ನ ಮಾತ್ರ, ನೀರನ್ನಲ್ಲ. ಸಮುದ್ರದ ನೀರನ್ನ ಗಾಳಿ ನದಿಗಳೊಳಕ್ಕೆ ಹಿಮ್ಮುಖವಾಗಿ ನೂಕಿತು. ನ್ಯೂಸ್ ನದಿಯ ದಂಡೆಯ ನ್ಯೂ ಬರ್ನ್ ಊರಿನ ಬೀದಿಗಳಿಗೆ ನೀರು ನುಗ್ಗಿತು. ದರ್ಜೆ ಸಣ್ಣದು ಅಂತ ಕಾರು ತೆಗೆದುಕೊಂಡು ಹೊರಡೋದೇ ದೊಡ್ಡ ತಪ್ಪು. ಅರ್ಧ ಅಡಿ ಹರಿಯುವ ನೀರಿಗೆ ಬೆಳೆದ ಮನುಷ್ಯನನ್ನ ಬೀಳಿಸುವ ಶಕ್ತಿ ಇದೆ. ಎರಡು ಅಡಿ ನೀರು ಬಹುತೇಕ ವಾಹನಗಳನ್ನ ಎತ್ತಿಕೊಂಡು ಹೋಗುತ್ತೆ.

ಅಂಥ ವಾರಾಂತ್ಯದಲ್ಲಿ ಮನೆಯಲ್ಲೇ ಇರೋದು ಸರಿಯಾದ ನಿರ್ಧಾರ, ಸ್ಥಳಾಂತರದ ಆದೇಶ ಬರದಿದ್ದರೆ. ಕರೆಂಟ್ ಹೋದ್ರೆ ಫ್ರಿಜ್ ಬಾಗಿಲು ತೆಗೀಬೇಡಿ. ಮುಚ್ಚಿದ್ದರೆ ಒಳಗಿನ ಆಹಾರ ನಾಲ್ಕು ಗಂಟೆ ಸುರಕ್ಷಿತ. ಜನರೇಟರ್ ಇದ್ದರೆ ಮನೆಯಿಂದ ದೂರ, ಹೊರಗಡೆಯೇ ಇರಲಿ. ಗ್ಯಾರೇಜ್ ಬಾಗಿಲು ತೆರೆದಿದೆ ಅಂತ ಅಲ್ಲಿ ಹಚ್ಚಬೇಡಿ. ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳೋದೇ ಇಲ್ಲ.

ಇದು ಅಮೆರಿಕದ ಕಥೆ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಬಂಗಾಳಕೊಲ್ಲಿಯಲ್ಲೂ ಮುಂಗಾರು ಹಿಂದೆ ಸರಿದ ಮೇಲೆ, ಅಕ್ಟೋಬರ್, ನವೆಂಬರ್‌ನಲ್ಲಿ ಚಂಡಮಾರುತಗಳು ಏಳುತ್ತವೆ. ಮಳೆಗಾಲ ಮುಗೀತು ಅಂತ ಊರು ನಿರಾಳವಾಗುವ ಹೊತ್ತಿಗೇ ಸಮುದ್ರ ಬಿಸಿಯಾಗಿರುತ್ತೆ.

ನಿಮ್ಮ ಮಕ್ಕಳೋ ತಮ್ಮಂದಿರೋ ಅಮೆರಿಕದ ಆ ಕರಾವಳಿಯಲ್ಲಿದ್ದರೆ, ಊಟ ಆಯ್ತಾ ಅಂತ ಕೇಳುವ ಫೋನ್‌ನಲ್ಲೇ ಇನ್ನೊಂದು ಮಾತು ಕೇಳಿ: ನಿಮ್ಮ ಮನೆ ನೀರು ನುಗ್ಗುವ ಜಾಗದಲ್ಲಿದೆಯಾ, ಸ್ಥಳಾಂತರದ ಯಾವ ವಲಯಕ್ಕೆ ಬರುತ್ತೆ? ಗೊತ್ತಿಲ್ಲ ಅಂದ್ರೆ, ಇವತ್ತೇ ಹುಡುಕಿ ನೋಡೋಕೆ ಹೇಳಿ.