ರೀಡ್ ಮತ್ತು ಓದು



ನಮ್ಮ ಮಕ್ಕಳು ಇಂಗ್ಲಿಷ್ ತರಗತಿಯಲ್ಲಿ ಮೊದಮೊದಲು ಕಲಿಯುವ ಕ್ರಿಯಾಪದಗಳಲ್ಲಿ 'ರೀಡ್' ಒಂದು. 'ಓದು' ಎಂದು ಅರ್ಥ ಹೇಳಿ ಮುಂದಕ್ಕೆ ಹೋಗುತ್ತೇವೆ. ಆದರೆ ಈ ಎರಡು ಪದಗಳು ಹುಟ್ಟಿದ ತಾವು ಬೇರೆ ಬೇರೆ. ಆ ಅಂತರವನ್ನು ಗಮನಿಸದೆ ಇರುವುದರಿಂದ ನಮ್ಮ ಮಕ್ಕಳಿಗೆ ನಷ್ಟವಾಗುತ್ತಿದೆ ಎಂಬುದು ನನ್ನ ನಂಬಿಕೆ.

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ 'ರೀಡ್' ಪದದ ರೂಪ 'ರೇಡನ್'. ಬುದ್ಧಿ ಹೇಳು, ಊಹಿಸು, ಗೂಢವಾದದ್ದನ್ನು ಬಿಡಿಸು ಎಂಬುವು ಅದರ ಅರ್ಥಗಳು. ಒಗಟಿಗೆ ಇಂಗ್ಲಿಷಿನವರು ಹೇಳುವ 'ರಿಡಲ್' ಇದೇ ಬೇರಿನದು. ಜರ್ಮನ್ನಿನ 'ರಾಟನ್' ಇವತ್ತಿಗೂ ಸಲಹೆ ಕೊಡುವುದಕ್ಕೂ ಊಹಿಸುವುದಕ್ಕೂ ಬಳಕೆಯಲ್ಲಿದೆ. ಇಂಗ್ಲೆಂಡನ್ನು ಆಳಿ 1016ರಲ್ಲಿ ತೀರಿಕೊಂಡ ಎಥೆಲ್‌ರೆಡ್ ದೊರೆಗೆ 'ಅನ್‌ರೆಡಿ' ಎಂಬ ಅಡ್ಡಹೆಸರಿದೆ; ಅದೂ ಇದೇ ಬೇರಿನದು. ಸಿದ್ಧನಿಲ್ಲದವನು ಎಂದು ಅದರರ್ಥವಲ್ಲ, ಒಳ್ಳೆಯ ಸಲಹೆ ಇಲ್ಲದವನು ಎಂದು. ಬರೆದ ಅಕ್ಷರವೂ ಬಿಡಿಸಬೇಕಾದ ಗೂಢವೇ ಆಗಿದ್ದರಿಂದ ಈ ಪದ ಬರಹಕ್ಕೆ ಅಂಟಿಕೊಂಡಿತು. ಲ್ಯಾಟಿನ್ನಿನ 'ಲೆಗೆರೆ', ಜರ್ಮನ್ನಿನ 'ಲೇಝನ್' ಆಯ್ದು ಕೂಡಿಸುವ ಕೆಲಸದಿಂದ ಓದಿಗೆ ಬಂದವು. ಇಂಗ್ಲಿಷ್ ಆ ದಾರಿ ಹಿಡಿಯಲಿಲ್ಲ. ಅಂಗೈ, ಮುಖಭಾವ, ಮೀಟರು ಎಲ್ಲವನ್ನೂ ಇಂಗ್ಲಿಷಿನವರು 'ರೀಡ್' ಮಾಡುವುದು ಆ ಹಳೆಯ ಅರ್ಥದ ಬಲದಿಂದಲೇ.

ನಮ್ಮ 'ಓದು' ಬಂದದ್ದು ಬಾಯಿಂದ. ಹಳಗನ್ನಡದಲ್ಲಿ ಅದಕ್ಕೆ ಉಚ್ಚರಿಸು, ಪಠಿಸು ಎಂಬ ಅರ್ಥವಿತ್ತು. ತಮಿಳುನಾಡಿನ ಶಿವಾಲಯಗಳಲ್ಲಿ ತೇವಾರವೆಂಬ ಶಿವಸ್ತುತಿಗಳನ್ನು ಹಾಡುವವರಿಗೆ ಇಂದಿಗೂ ಓದುವಾರ್ ಎಂದೇ ಹೆಸರು. 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಈ ಕೊಳ್ಳೇಗಾಲ ಸೀಮೆಯವರಿಗೆ ತಮಿಳಿನೊಡನೆ ಇರುವ ಆ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಮದುವೆಗಳಲ್ಲಿ ಮುಯ್ಯಿ 'ಓದಿಸುತ್ತೇವೆ'. ಇಂಥ ಊರಿನ ಇಂಥವರಿಂದ ಇಷ್ಟು ಎಂದು ನಾಲ್ಕು ಜನಕ್ಕೆ ಕೇಳುವಂತೆ ಕೂಗುವುದೇ ಆ ಓದು. ಹಳ್ಳಿಯ ಜಗಲಿಯಲ್ಲಿ ಜೈಮಿನಿ ಭಾರತವನ್ನು ಓದಿಸುವಾಗ ರಾಗವಾಗಿ ಓದುವವರು ಒಬ್ಬರು, ಅರ್ಥ ಹೇಳುವವರು ಇನ್ನೊಬ್ಬರು. ದನಿಯೂ ಅರ್ಥವೂ ಎರಡು ಕೆಲಸ ಎಂಬ ಸ್ಪಷ್ಟ ತಿಳಿವಳಿಕೆ ಅಲ್ಲಿತ್ತು. ಇದನ್ನು ನಾನು ಬಹಳ ದೊಡ್ಡ ತಿಳಿವಳಿಕೆ ಎಂದೇ ಎಣಿಸುತ್ತೇನೆ.

ಆಮೇಲೆ ಶಾಲೆ ಬಂತು. 'ಎಲ್ಲೀವರೆಗೆ ಓದಿದ್ದೀಯಪ್ಪ?' ಎಂದರೆ ಎಷ್ಟನೆಯ ಕ್ಲಾಸು ಎಂದಾಯಿತು. ಮಾದೇಶ್ವರನ ಕಥೆಯನ್ನು ಇರುಳಿಡೀ ಹಾಡುವ ಕಂಸಾಳೆಯವರು, ಚಿಕ್ಕಲ್ಲೂರಿನ ಜಾತ್ರೆಯಲ್ಲಿ ತಂಬೂರಿ ಹಿಡಿಯುವ ನೀಲಗಾರರು ಈ ಲೆಕ್ಕದಲ್ಲಿ 'ಓದದವರು' ಆಗಿಬಿಟ್ಟರು. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಜನ ಪ್ರಯತ್ನಪಟ್ಟು ಓದದೆಯೂ ಕಾವ್ಯದಲ್ಲಿ ನುರಿತವರು ಎಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಮೆಚ್ಚಿಕೊಂಡಿದೆ. ಆ ಜನರ ವಾರಸುದಾರರನ್ನು ಅವಿದ್ಯಾವಂತರ ಪಟ್ಟಿಗೆ ಸೇರಿಸಿದ್ದು ಅನ್ಯಾಯ.

ಈಗ ತರಗತಿಗೆ ಬನ್ನಿ. ಮಗು ಎದ್ದು ನಿಂತು ಇಂಗ್ಲಿಷ್ ಪಾಠವನ್ನು ತಡವರಿಸದೆ ಓದುತ್ತದೆ. ಏನು ತಿಳಿಯಿತು ಎಂದು ಕೇಳಿದರೆ ಸುಮ್ಮನಾಗುತ್ತದೆ. ದಡ್ಡತನ ಎಂದು ಬೈಯುವವರಿದ್ದಾರೆ. ಆ ಮಗು ಕನ್ನಡದ ಹಳೆಯ ಅರ್ಥದಲ್ಲಿ ಸರಿಯಾಗಿಯೇ ಓದಿದೆ. 'ರೀಡ್' ಎಂಬ ಪದ ಬೇಡುವ, ಅರ್ಥ ಬಿಡಿಸುವ ಕೆಲಸವನ್ನು ಅದಕ್ಕೆ ಯಾರೂ ಕಲಿಸಿಲ್ಲ. ಮನೆಯಲ್ಲಿ ಸೋಲಿಗ ನುಡಿ, ಪುಸ್ತಕದಲ್ಲಿ ಬೇರೆ ಕನ್ನಡ, ಅದರ ಮೇಲೆ ಇಂಗ್ಲಿಷ್ ಇರುವ ಪೋಡಿನ, ಎಂದರೆ ಸೋಲಿಗರ ಹಾಡಿಯ, ಮಗುವಿಗೆ ಈ ಕಷ್ಟ ಇನ್ನೂ ಹೆಚ್ಚು.

ಇಲ್ಲಿ ಪ್ರಬಂಧ ಮಂಡಿಸುವ ಅಧ್ಯಾಪಕ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ. ಪದಗಳ ಚರಿತ್ರೆಯನ್ನು ನಿಘಂಟಿನಲ್ಲೇ ಬಿಡಬೇಡಿ, ತರಗತಿಗೆ ತನ್ನಿ. ಜಗಲಿಯ ಕ್ರಮವನ್ನು ಶಾಲೆಯಲ್ಲಿ ಮತ್ತೆ ಶುರುಮಾಡಿ: ಒಂದು ಮಗು ಗಟ್ಟಿಯಾಗಿ ಓದಲಿ, ಇನ್ನೊಂದು ಮಗು ತನ್ನ ಮನೆಮಾತಿನಲ್ಲೇ ಅರ್ಥ ಹೇಳಲಿ, ನಾಳೆ ಇಬ್ಬರೂ ಜಾಗ ಬದಲಿಸಿಕೊಳ್ಳಲಿ. ಊರಿನ ಹಾಡುಗಾರರನ್ನು ವರ್ಷಕ್ಕೊಮ್ಮೆ ಹಾರ ಹಾಕಿ ಕಳಿಸದೆ, ಪಾಠ ಹೇಳುವ ಮೇಷ್ಟ್ರಾಗಿ ಕರೆಯಿರಿ.