ಕೇಕು, ಅರಿಸಿನ ಮತ್ತು ನಮ್ಮ ಬಿಸಿಲು

ಚಂದ್ರಂಪಳ್ಳಿ ಜಲಾಶಯ ನೋಡಿಕೊಂಡು ಸೇಡಂ ಮಾರ್ಗವಾಗಿ ವಾಡಿಗೆ ಬಂದರೆ ಸಿಮೆಂಟ್ ಕಾರ್ಖಾನೆಗಳು ಕಾಣುತ್ತವೆ. ಅಲ್ಲಿನ ಗೂಡುಗಳಲ್ಲಿ ಸುಣ್ಣದ ಕಲ್ಲು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡುತ್ತದೆ. ನಿಮ್ಮ ಮನೆಯ ಕೇಕನ್ನು ಉಬ್ಬಿಸುವುದೂ ಇದೇ ಅನಿಲ. ಅಡುಗೆ ಸೋಡಾಕ್ಕೆ ಮಾತ್ರ ಅಷ್ಟು ಕಾವು ಬೇಡ. ಜೊತೆಗೆ ಹುಳಿ ಬೇಕು.

ನಾನು ಮೊದಲ ಸಲ ಬಣ್ಣದ ಪದರಗಳ ವೆನಿಲಾ ಕೇಕು ಮಾಡಿದಾಗ ಮೊಸರು ಮರೆತೆ, ಸೋಡಾ ಧಾರಾಳವಾಗಿ ಬಿತ್ತು. ಅರಿಸಿನ ಬೆರೆಸಿದ ಪದರ ಹಳದಿಯಾಗದೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಬಾಯಿಗಿಟ್ಟರೆ ಸಾಬೂನಿನ ರುಚಿ. ಬಿ.ಎಸ್ಸಿ. ಓದಿದ್ದವನಿಗೆ ಆಗ ಹೊಳೆಯಿತು. ಹುಳಿ ಸಿಗದ ಸೋಡಾ ಕಾದು ಸೋಡಿಯಂ ಕಾರ್ಬೊನೇಟ್ ಆಗಿ ಉಳಿಯುತ್ತದೆ. ಪ್ರತ್ಯಾಮ್ಲ ತಾಗಿದರೆ ಅರಿಸಿನ ಕೆಂಪಾಗುತ್ತದೆ. ಲಿಟ್ಮಸ್ ಕಾಗದದ ಕೆಲಸವನ್ನು ಕೇಕೇ ಮಾಡಿತ್ತು! ಬೀಟ್‌ರೂಟ್ ಬಣ್ಣ ಕಾವಿಗೆ ಮಾಸುತ್ತದೆ. ಅದರ ರಸದ ಕೆಲವು ಹನಿಗಳನ್ನು ಮೇಲೆ ಹಚ್ಚುವ ಕ್ರೀಮಿಗೆ ಇಟ್ಟುಕೊಳ್ಳಿ.

ಕ್ರೀಮಿಗೆ 100 ಗ್ರಾಂ ಬೆಣ್ಣೆ, 200 ಗ್ರಾಂ ಸಕ್ಕರೆ ಪುಡಿ. ಮೊದಲು ಬೆಣ್ಣೆಯನ್ನು ಬಿಳುಪಾಗುವವರೆಗೆ ಕಡೆಯಿರಿ. ಒಳಸೇರಿದ ಗಾಳಿ ಅದನ್ನು ಹಗುರಾಗಿಸುತ್ತದೆ. ತೊಡಕಿರುವುದು ಇಲ್ಲಿಯೇ. ಬೆಣ್ಣೆ 35 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ಮೇ ತಿಂಗಳ ಚಿಂಚೋಳಿಯಲ್ಲಿ ಪಾದರಸ 40 ದಾಟುತ್ತದೆ. ಒಮ್ಮೆ ಚಿತ್ರೀಕರಣದ ದೀಪಗಳ ಕೆಳಗೆ ನನ್ನ ಕೇಕಿನ ಮೇಲಿನ ಪದರ ಜಾರಿ, ಕ್ಯಾಮೆರಾ ಎದುರಿಗೇ ತಟ್ಟೆಗೆ ಇಳಿಯಿತು.

ಆದ್ದರಿಂದ ರಾತ್ರಿ ಬೇಯಿಸಿ, ಪೂರ್ತಿ ಆರಲು ಬಿಡಿ. ನಸುಕಿನಲ್ಲಿ, ಶಹಾಬಾದ್ ಕಲ್ಲು ಹಾಸಿದ ತಂಪು ಕೋಣೆಯಿದ್ದರೆ ಅಲ್ಲಿಯೇ ಕುಳಿತು ಕ್ರೀಮು ಹಚ್ಚಿ. ಅಂದಹಾಗೆ, ಕುಕ್ಕರಿನಲ್ಲಿ ನೀರಿಲ್ಲದೆ ಬೇಯಿಸುವವರು ಗ್ಯಾಸ್ಕೆಟ್, ಸೀಟಿ ಎರಡನ್ನೂ ತೆಗೆದಿಡಿ.